ಮುಚ್ಚಿದ ಕಿಟಕಿಯ ಮನೆ

ಆ ಮನೆಯನ್ನು ಅವರಿಬ್ಬರೂ ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದರು, ಆದರೆ ಬಸ್ಸಿನಿಂದ ಮಾತ್ರ. ಗಂಡ ಬಸ್ಸಿನ ಡ್ರೈವರು, ಹೆಂಡತಿ ಅದೇ ಬಸ್ಸಿನ ಕಂಡಕ್ಟರು. ಸಂಸಾರ, ನೌಕರಿ ಎರಡೂ ಒಂದೇ ಗಾಡಿಯಲ್ಲಿ ಸಾಗುತ್ತಿದ್ದವು. ಮನೆಯಲ್ಲಿ ಸೀಟಿ ಊದುವವರು ಯಾರಪ್ಪ ಎಂದು ಡಿಪೋದವರು ಕಾಲೆಳೆದರೆ ಡ್ರೈವರು, "ಎರಡು ಕಡೇನೂ ಅವಳೇ. ನನ್ನದು ಬ್ರೇಕ್ ಒತ್ತೋದಷ್ಟೇ" ಎನ್ನುತ್ತಿದ್ದ.

ಊರು ಮುಗಿದು ಟಾರು ಕಿತ್ತುಹೋದ ಕಡೆ ರಸ್ತೆಗೆ ಒಂದು ತಿರುವು. ತಿರುವಿನಲ್ಲಿ ಹಳದಿ ಗೋಡೆಯ, ಹಸಿರು ಕಿಟಕಿಯ ಚಿಕ್ಕ ಮನೆ. ಬಸ್ಸು ಅಲ್ಲಿ ಹೊರಳುವಾಗ ಧೂಳು ಆಳೆತ್ತರ ಏಳುತ್ತಿತ್ತು. ಅದು ಕೆಳಗಿಳಿಯುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪು ಮುಟ್ಟಿರುತ್ತಿತ್ತು. ಧೂಳೇಳುವ ಮುಂಚಿನ ಆ ಒಂದು ಗಳಿಗೆಯಲ್ಲೇ ಇಬ್ಬರೂ ಮನೆಯನ್ನು ಕಣ್ತುಂಬ ನೋಡಿಕೊಳ್ಳುತ್ತಿದ್ದರು. ಕಿಟಕಿ ಯಾವತ್ತೂ ಮುಚ್ಚಿರುತ್ತಿತ್ತು. ಇಷ್ಟು ಚೆಂದದ ಮನೆ ಖಾಲಿ ಬಿದ್ದಿದೆಯಲ್ಲ ಎಂದು ಕಂಡಕ್ಟರಮ್ಮ ದಿನವೂ ಮರುಗುತ್ತಿದ್ದಳು.

ಅವರಿದ್ದದ್ದು ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಗಿರಣಿ ತಿರುಗತೊಡಗಿದರೆ ಗೂಡಿನಲ್ಲಿಟ್ಟ ಲೋಟಗಳು ತಾವಾಗಿಯೇ ಅಂಚಿಗೆ ನಡೆದುಬರುತ್ತಿದ್ದವು. ಹಿಟ್ಟು ಮೆಟ್ಟಿಲು ಹತ್ತಿ ಬಂದು ದಿಂಬಿನ ಮೇಲೆ ಮಲಗುತ್ತಿತ್ತು. ಆದರೂ ಆಕೆ ದೇವರ ಮುಂದೆ ಮನೆ ಕೊಡಪ್ಪ ಎಂದು ಕೇಳಿದವಳಲ್ಲ. ಬೆಳಗ್ಗೆ ಮೊದಲ ಸೀಟಿ ಊದುವ ಮುನ್ನ ಬಸ್ಸಿನ ಬಾಗಿಲ ಕಂಬಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಮಾತು ಬೇಡುತ್ತಿದ್ದಳು: ಹತ್ತಿದವರೆಲ್ಲ ಅವರವರ ಸ್ಟಾಪಿನಲ್ಲಿ ನೆಮ್ಮದಿಯಾಗಿ ಇಳಿಯಲಿ. ಆ ಬೇಡಿಕೆಯಲ್ಲಿ ತನ್ನ ಪಾಲೂ ಸೇರಿದೆಯೆಂದು ಅವಳ ನಂಬಿಕೆ.

ಹಾಗಿರುವಾಗ ಆ ಮನೆ ಹರಾಜಿಗೆ ಬಂತು. ಮನೆ ಒಬ್ಬ ಬಟ್ಟೆ ವ್ಯಾಪಾರಿಯದು. ಅದನ್ನು ಬ್ಯಾಂಕಿಗೆ ಒತ್ತೆಯಿಟ್ಟು ಅಂಗಡಿ ಬೆಳೆಸಲು ಹೋಗಿದ್ದ. ಅಂಗಡಿ ಮುಳುಗಿತು, ಸಾಲ ತೀರಲಿಲ್ಲ, ಬ್ಯಾಂಕಿನವರು ಮನೆಯನ್ನು ಕಾಗದದ ಮೇಲೆ ವಶಕ್ಕೆ ತೆಗೆದುಕೊಂಡರು. ಸುದ್ದಿ ತಂದವನು ಕಂಡಕ್ಟರಮ್ಮನ ಅಣ್ಣ, ಹಳೆ ವಾಹನ ಮಾರಿಸುವ ದಲ್ಲಾಳಿ. ಹರಾಜಿನ ಮನೆ ಅಗ್ಗಕ್ಕೆ ಸಿಗುತ್ತದೆ, ಬಿಡಬೇಡಿ ಎಂದ. ಇಬ್ಬರೂ ಕೂಡಿಟ್ಟದ್ದನ್ನೆಲ್ಲ ಸುರಿದು, ಸಾಲಕ್ಕೂ ಕೈಯೊಡ್ಡಿ, ಮನೆ ಹಿಡಿದರು. ಬ್ಯಾಂಕಿನ ಅಧಿಕಾರಿ ಕಾಗದ ಕೊಡುವಾಗ, ಮನೆ ಹೇಗಿದೆಯೋ ಹಾಗೇ ನಿಮ್ಮದು, ಒಳಗಿನ ಸ್ಥಿತಿ ನಮಗೆ ಗೊತ್ತಿಲ್ಲ ಎಂದು ಮೊದಲೇ ಹೇಳಿದ. ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಂಡಕ್ಟರಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟವನು ಅಧಿಕಾರಿಯಲ್ಲ, ಅವಳ ಗಂಡ.

"ದಿನಾ ನೋಡೋದು ನಾವೇ ಅಲ್ವಾ? ಆ ಕಿಟಕಿ ತೆರೆದಿದ್ದನ್ನ ನೀನು ಕಂಡಿದ್ದೀಯಾ?"

ಕಂಡಿರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ವ್ಯಾಪಾರಿ ಬ್ಯಾಂಕಿಗೆ ಒಪ್ಪಿಸಿದ್ದ ಎರಡು ಕೀಲಿಗಳ ಗೊಂಚಲು ಕೈಗೆ ಬಂತು. ಗಿರಣಿಯವನಿಗೆ ತಿಂಗಳ ಕೊನೆಗೆ ಕೋಣೆ ಬಿಡುತ್ತೇವೆ ಎಂದು ಹೇಳಿಬಿಟ್ಟರು. ಅವನು ಅದೇ ದಿನ ಬೇರೆಯವರಿಂದ ಮುಂಗಡ ಇಸಿದುಕೊಂಡ.

ವಾರದ ರಜೆಯ ದಿನ ಪೊರಕೆ, ಬಕೆಟು, ಹೊಸ ಬೀಗ ಹಿಡಿದು ಹೋದರು. ಹೊಸಿಲ ಮುಂದೆ ನಿಂತು ಕಂಡಕ್ಟರಮ್ಮ ಕೈಮುಗಿದಳು. ಡ್ರೈವರು ಗೊಂಚಲಿನ ಚಿಕ್ಕ ಕೀಲಿಯನ್ನು ಬೀಗದ ತೂತಿಗೆ ತೂರಿಸಬೇಕು, ಅಷ್ಟರಲ್ಲಿ ಬಾಗಿಲು ಒಳಗಿನಿಂದಲೇ ತೆರೆಯಿತು.

ಎದುರಿಗೆ ನಿಂತವನ ಹುಬ್ಬು, ಮೀಸೆ, ಮುಂಗೈ ಎಲ್ಲ ಸುಣ್ಣದಲ್ಲಿ ಅದ್ದಿದಂತೆ ಬೆಳ್ಳಗಿದ್ದವು. ಕೈಯಲ್ಲಿ ಯಾರದೋ ದವಡೆ. ಅವನ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಹಲಗೆಗಳು, ಹಲಗೆ ತುಂಬ ಪ್ಲಾಸ್ಟರಿನ ದವಡೆಗಳು: ಹಲ್ಲಿದ್ದವು, ಇಲ್ಲದವು, ಅರ್ಧ ಉದುರಿದವು, ಸಾಲುಸಾಲಾಗಿ ಇವರನ್ನೇ ನೋಡಿ ನಗುತ್ತಿದ್ದವು. ಗಂಡಹೆಂಡತಿ ಇಬ್ಬರೂ ಬಾಯಿ ತೆರೆದುಕೊಂಡು ನಿಂತರು.

"ಏನಪ್ಪಾ, ಬಾಯಿ ತೆಗೆದು ನಿಂತಿದ್ದೀರಿ? ಅಳತೆ ಕೊಡೋಕೆ ಬಂದ್ರಾ?" ಒಳಗಿನಿಂದ ಒಂದು ಮುದಿ ದನಿ ಕೇಳಿತು.

ಅದು ಅವನ ತಾಯಿ. ಅವನು ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರುಗಳು ಅಳತೆ ಕಳಿಸಿದರೆ ಮೇಣದಲ್ಲಿ ಮೂಡಿಸಿ, ಅಚ್ಚು ಹೊಯ್ದು, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದ. ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹಲ್ಲಿನ ಮೇಸ್ತ್ರಿ ಎಂದೇ. ಊರಿಗೆಲ್ಲ ಹಲ್ಲು ಕಟ್ಟುವವನ ತಾಯಿಯ ಬಾಯಲ್ಲಿ ಮಾತ್ರ ಒಂದೂ ಇರಲಿಲ್ಲ. ಕಟ್ಟಿಸಿಕೊಂಡರೆ ಬೈಗುಳ ಹಲ್ಲಿಗೆ ಸಿಕ್ಕಿ ತಡವಾಗುತ್ತದೆ ಎಂಬುದು ಆಕೆ ಕೊಡುತ್ತಿದ್ದ ಕಾರಣ.

ಇವರು ಬಂದ ವಿಷಯ ಕೇಳಿ ಮೇಸ್ತ್ರಿ ದವಡೆಯನ್ನು ಮೆಲ್ಲಗೆ ಕೆಳಗಿಟ್ಟ. ಗೇಟಿಗೆ ಬ್ಯಾಂಕಿನವರು ಏನೋ ಅಂಟಿಸಿದ್ದನ್ನು ಕಂಡು ಅವನು ವ್ಯಾಪಾರಿಯನ್ನು ಕೇಳಿದ್ದನಂತೆ. ಅದೇನೂ ಇಲ್ಲ, ನೀನು ಬಾಡಿಗೆ ಕೊಡುತ್ತಿರು ಎಂದು ವ್ಯಾಪಾರಿ ಹೇಳಿದ್ದನಂತೆ. ಕೊಡುತ್ತಲೇ ಬಂದಿದ್ದ. ಈಗ ವ್ಯಾಪಾರಿಯ ಫೋನು ಎತ್ತುವವರಿಲ್ಲ, ಕೊಟ್ಟ ಮುಂಗಡವೂ ಅವನ ಜೊತೆಗೇ ಹೋಗಿತ್ತು.

"ಮನೆ ಖಾಲಿ ಇದೆ ಅಂದ್ಕೊಂಡ್ವಿ," ಎಂದ ಡ್ರೈವರು. "ದಿನಾ ಬಸ್ಸು ಓಡಿಸ್ತಾ ನೋಡ್ತೀವಿ, ಕಿಟಕಿ ಯಾವಾಗಲೂ ಮುಚ್ಚಿತ್ತಲ್ಲ."

"ನಿಮ್ಮ ಬಸ್ಸಿನ ಧೂಳಿಗೇ ಸ್ವಾಮಿ ಅದನ್ನ ಮುಚ್ಚಿರೋದು. ಮೇಣದ ಮೇಲೆ ಧೂಳು ಕೂತರೆ ಮಾಡಿದ ಕೆಲಸವೆಲ್ಲ ಹಾಳು."

ಮೇಸ್ತ್ರಿ ಗದರಲೂ ಇಲ್ಲ, ಕಾಲು ಹಿಡಿಯಲೂ ಇಲ್ಲ. ಬ್ಯಾಂಕಿನವರು ಮೂಗು ತೂರಿಸುವುದಕ್ಕೆ ಎಷ್ಟೋ ಮುಂಚೆ ಮಾಡಿಕೊಂಡ ಕರಾರು ತನ್ನ ಹತ್ತಿರ ಇದೆ, ಬೇಸಿಗೆ ಮುಗಿಯುವವರೆಗೆ ಅವಧಿ ಇದೆ, ಅಲ್ಲಿಯವರೆಗೆ ಬಾಡಿಗೆ ನಿಮಗೇ ಕೊಡುತ್ತೇನೆ, ಮುಗಿದ ದಿನ ಕೀಲಿಯನ್ನು ನಾನೇ ತಂದು ಕೈಗಿಡುತ್ತೇನೆ ಎಂದ. ಅದಕ್ಕೆ ಮುಂಚೆ ಹೋಗೆಂದರೆ ಎಲ್ಲಿಗೆ ಹೋಗಲಿ ಎಂದು ಕೇಳಿದ. ಉಜ್ಜುವ ಮೋಟಾರಿನ ಸದ್ದು, ಬೇಯುವ ಮೇಣದ ವಾಸನೆ, ಅದರ ಮೇಲೆ ಹಲಗೆಯಲ್ಲಿ ಈ ಹಲ್ಲುಗಳ ಸಂತೆ. ಬಾಡಿಗೆ ಕೇಳಿದ ಮನೆಯವರೆಲ್ಲ ಹೊಸಿಲಲ್ಲೇ ಬೆನ್ನು ತಿರುಗಿಸುತ್ತಿದ್ದರು. ಊರಾಚೆಯ ಈ ಮನೆ ಸಿಕ್ಕಿದ್ದೇ ಹುಡುಕಿ ಹುಡುಕಿ ಚಪ್ಪಲಿ ಸವೆದ ಮೇಲೆ.

ಪೊರಕೆ ಬಕೆಟು ಹೊತ್ತುಕೊಂಡು ಇಬ್ಬರೂ ವಾಪಸಾದರು. ತಪ್ಪು ತನ್ನದು, ಅದೂ ತನ್ನ ಬಸ್ಸೇ ಮಾಡಿಸಿದ ತಪ್ಪು ಎಂಬುದು ಡ್ರೈವರಿಗೆ ನುಂಗಲಾಗದ ತುತ್ತಾಗಿತ್ತು. ನುಂಗಲಾಗದ್ದು ನಿಧಾನಕ್ಕೆ ಸಿಟ್ಟಾಗಿ ತಿರುಗಿತು.

ಆ ಸಿಟ್ಟಿಗೆ ಗಾಳಿ ಹಾಕಿದವನು ದಲ್ಲಾಳಿ ಅಣ್ಣ. ಮನೆಯ ಯಜಮಾನರು ನೀವೋ ಅವನೋ ಎಂದು ಕೇಳಿ, ತಿಂಗಳೊಳಗೆ ಖಾಲಿ ಮಾಡತಕ್ಕದ್ದು ಎಂದು ತಾನೇ ಒಂದು ನೋಟೀಸು ಟೈಪು ಮಾಡಿಸಿ ಕಳಿಸಿದ. ಅದಕ್ಕೆ ಉತ್ತರ ಬಂದದ್ದು ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಕಚೇರಿಯಿಂದ. ಕಂಡಕ್ಟರಮ್ಮ ಎರಡು ಟ್ರಿಪ್ಪುಗಳ ನಡುವೆ ಬಿಡುವು ಮಾಡಿಕೊಂಡು ಆ ಕಚೇರಿಗೆ ಹೋದಳು. ಅಲ್ಲಿದ್ದ ವಕೀಲೆ ಇವಳನ್ನು ಎದುರು ಪಕ್ಷದವಳೆಂದು ಓಡಿಸದೆ, ಕೂರಿಸಿ, ನೀರು ಕೊಟ್ಟು, ಸಮಾಧಾನವಾಗಿ ತಿಳಿಸಿದಳು. ಮನೆಯ ಜೊತೆಗೆ ಮೊದಲಿನ ಕರಾರೂ ನಿಮ್ಮ ಪಾಲಿಗೆ ಬಂದಿದೆ. ಅವಧಿ ಮುಗಿಯುವವರೆಗೆ ಆತ ಬಾಡಿಗೆದಾರ, ನೀವು ಮಾಲೀಕರು. ಮುಗಿಯುವ ಮುಂಚೆ ಸರಿಯಾದ ನೋಟೀಸು ಕೊಡಬಹುದು. ಆದರೆ ನೀರು ನಿಲ್ಲಿಸುವುದು, ಕರೆಂಟು ಕೀಳುವುದು, ಬೀಗ ಬದಲಿಸುವುದು, ಇವನ್ನೆಲ್ಲ ಮಾಡುವ ಹಾಗಿಲ್ಲ.

ಇದನ್ನು ಕೇಳಿ ಅಣ್ಣ ನಕ್ಕ. "ಕರೆಂಟು ತಾನಾಗೇ ಹೋಗೋದಿಲ್ವಾ? ಹೋಗುತ್ತೆ. ಅದಕ್ಕೆ ಯಾರನ್ನ ಹಿಡೀತಾರೆ?" ಎಂದು ತಂಗಿಯ ಗಂಡನ ಕಡೆ ನೋಡಿದ. ಕಂಡಕ್ಟರಮ್ಮ ಅಣ್ಣನ ಮುಂದಿದ್ದ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಮನೆಯಲ್ಲಿ ಎದ್ದು ಹೊರಡು ಎಂದು ಹೇಳುವ ಬಗೆ ಅದು.

ಆದರೆ ಮಾತು ಡ್ರೈವರನ ಕಿವಿಯಲ್ಲಿ ಉಳಿಯಿತು. ಗಿರಣಿಯವನು ದಿನಾ ಮೆಟ್ಟಿಲ ಕೆಳಗೆ ನಿಂತು, ಗಂಟುಮೂಟೆ ಕಟ್ಟಿದ್ದಾಯಿತಾ ಎಂದು ಕೇಳುತ್ತಿದ್ದ. ಮುಂದಿನ ರಜೆಯ ದಿನ ಡ್ರೈವರು ಚಪ್ಪಲಿ ರಿಪೇರಿಗೆಂದು ಹೇಳಿ ಒಬ್ಬನೇ ಹೊರಟ. ಹಳದಿ ಮನೆಯ ಹೊರಗೋಡೆಯಲ್ಲೇ ಮೀಟರಿನ ಪೆಟ್ಟಿಗೆ ಇತ್ತು. ಪಿಂಗಾಣಿಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಒಳಗೆ ಗುಂಯ್‌ಗುಟ್ಟುತ್ತಿದ್ದ ಮೋಟಾರು ನರಳಿ ನಿಂತಿತು. ಮುದುಕಿ ಏನೋ ಗೊಣಗಿದ್ದು ಕೇಳಿಸಿತು. ತಿರುಗಿ ನೋಡದೆ ಬಂದುಬಿಟ್ಟ. ದೇವರು ನೋಡುತ್ತಾನೆ ಎಂದು ಹೆದರಿಸಿಯೇ ನಾವು ಮಕ್ಕಳನ್ನು ಬೆಳೆಸುತ್ತೇವೆ. ಮುಚ್ಚಿದ ಕಿಟಕಿಯ ಮುಂದೆ ನಿಂತವನಿಗೆ ಅದು ನೆನಪಿಗೆ ಬರುವುದಿಲ್ಲ.

ಮಾರನೆಯ ದಿನ ತಿರುವಿನಾಚೆಯ ಸ್ಟಾಪಿನಲ್ಲಿ ಮೇಸ್ತ್ರಿ ಬಸ್ಸು ಹತ್ತಿದ. ಡ್ರೈವರನ ಹಿಂದಿನ ಸೀಟೇ ಖಾಲಿ ಇತ್ತು. ತೊಡೆಯ ಮೇಲೊಂದು ಕೈಚೀಲ, ಹಸುಗೂಸನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ. ಟಿಕೆಟ್ಟು ಹರಿಯುತ್ತ ಕಂಡಕ್ಟರಮ್ಮ, ಅಷ್ಟು ದೂರ ಯಾಕೆ ಎಂದು ಕೇಳಿದಳು. ಮನೆಯಲ್ಲಿ ಕರೆಂಟಿಲ್ಲ, ದೂರು ಕೊಟ್ಟರೂ ಯಾರೂ ಬಂದಿಲ್ಲ, ಸ್ನೇಹಿತನ ಅಂಗಡಿಯಲ್ಲಿ ಇವಿಷ್ಟನ್ನು ಉಜ್ಜಿಸಿಕೊಂಡು ಬರುತ್ತೇನೆ ಎಂದ. ಚೀಲದಲ್ಲಿರುವ ಹಲ್ಲಿಗಾಗಿ ಒಬ್ಬ ಅಜ್ಜ ಕಾಯುತ್ತಿದ್ದಾನೆ, ಮೊಮ್ಮಗಳ ಮದುವೆಯ ಫೋಟೋದಲ್ಲಿ ನಗಬೇಕಂತೆ ಎಂದೂ ಹೇಳಿದ. ಅವಳು ಪಾಪ ಎಂದಳು. ಡ್ರೈವರು ಗೇರು ಬದಲಿಸಿದ, ಬದಲಿಸುವ ಅಗತ್ಯವಿರಲಿಲ್ಲ.

ಅರ್ಧ ದಾರಿಯಲ್ಲಿ ಎಂಜಿನ್ನು ಕುದಿದು ಹೊಗೆಯೆದ್ದಿತು. ಬಸ್ಸು ರಸ್ತೆ ಬದಿಗೆ ಸರಿದು ನಿಂತಿತು. ಬಿಸಿಲಲ್ಲಿ ಕಾದ ಮೇಲೆ ಹಿಂದಿನಿಂದ ಇನ್ನೊಂದು ಬಸ್ಸು ಬಂತು. ಕಂಡಕ್ಟರಮ್ಮ ಅಡ್ಡ ನಿಂತು ಅದನ್ನು ತಡೆದು, ತನ್ನ ಪ್ರಯಾಣಿಕರನ್ನು ಹತ್ತಿಸತೊಡಗಿದಳು. ಆ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ಕೈ ಅಡ್ಡ ಹಿಡಿದ. ನಿಮ್ಮ ಟಿಕೆಟ್ಟು ನಿಮ್ಮ ಬಸ್ಸಿಗೆ, ನನ್ನ ಬಸ್ಸಿಗೆ ಹತ್ತಿದರೆ ನನ್ನ ಟಿಕೆಟ್ಟು ತೆಗೆಯಲಿ ಎಂದ.

ಕಂಡಕ್ಟರಮ್ಮ ದನಿ ಏರಿಸಲಿಲ್ಲ. ಸೊಂಟಕ್ಕೆ ಕೈಯಿಟ್ಟಳು ಅಷ್ಟೇ.

"ಅವರು ಟಿಕೆಟ್ ತಗೊಂಡಿದ್ದು ಊರಿಗೆ ಹೋಗೋಕೆ, ನನ್ನ ಮುಖ ನೋಡೋಕಲ್ಲ. ಗಾಡಿ ಕೆಟ್ಟಿದ್ದು ಅವರ ತಪ್ಪಾ? ಡ್ರೈವರ್ ಬದಲಾಗ್ಲಿ, ಕಂಡಕ್ಟರ್ ಬದಲಾಗ್ಲಿ, ಗಾಡೀನೇ ಬದಲಾಗ್ಲಿ. ಅವರು ಇಳಿಯೋ ಸ್ಟಾಪ್ ಬರೋವರೆಗೂ ಯಾರೂ ಅವರನ್ನ ಇಳಿಸೋ ಹಾಗಿಲ್ಲ. ನೀನು ಇದನ್ನೂ ಕಲೀದೆ ಸೀಟಿ ಹಿಡ್ಕೊಂಡು ಬಂದ್ಯೇನಪ್ಪಾ?"

ಬಸ್ಸಿನೊಳಗಿನವರು ನಕ್ಕರು. ಆ ಕಂಡಕ್ಟರು ಕೈ ತೆಗೆದ. ಒಬ್ಬೊಬ್ಬರೇ ಟಿಕೆಟ್ಟು ತೋರಿಸಿ ಹತ್ತಿದರು. ಕೊನೆಯವನು ಮೇಸ್ತ್ರಿ. ಚೀಲವನ್ನು ಎದೆಗವಚಿಕೊಂಡು, ಬೆವರಿಗೆ ನೆನೆದ ಟಿಕೆಟ್ಟನ್ನು ಬೆರಳಲ್ಲಿ ಎತ್ತಿ ತೋರಿಸಿದ. ತೋರಿಸಿದ್ದು ಆ ಕಂಡಕ್ಟರಿಗೆ, ಕಣ್ಣು ಮಾತ್ರ ಒಂದು ಕ್ಷಣ ಈಕೆಯ ಮೇಲೆ ನಿಂತಿತು. ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟು ಹತ್ತಿಹೋದ.

ಬಸ್ಸು ಹೋದ ಮೇಲೂ ಆಕೆ ಸೊಂಟದ ಮೇಲಿನ ಕೈ ತೆಗೆಯದೆ ರಸ್ತೆಯಲ್ಲೇ ನಿಂತಿದ್ದಳು.

ಮೆಕ್ಯಾನಿಕ್ಕು ಬರುವುದಕ್ಕೆ ಹೊತ್ತಿತ್ತು. ಗಂಡಹೆಂಡತಿ ಖಾಲಿ ಬಸ್ಸಿನಲ್ಲಿ ಕುಳಿತರು, ಅವನು ತನ್ನ ಸೀಟಿನಲ್ಲಿ, ಅವಳು ಮೇಸ್ತ್ರಿ ಎದ್ದುಹೋದ ಸೀಟಿನಲ್ಲಿ. ಆರುತ್ತಿರುವ ಎಂಜಿನ್ನು ಟಿಕ್ ಟಿಕ್ ಎನ್ನುತ್ತಿತ್ತು.

"ರೀ," ಎಂದಳು. "ಆ ಬಟ್ಟೆ ವ್ಯಾಪಾರಿಯ ಗಾಡಿ ಕೆಟ್ಟು ನಿಂತಿತು. ಒಳಗಿದ್ದ ಮನುಷ್ಯ ನಮ್ಮ ಗಾಡಿಗೆ ಬಂದಿದ್ದಾನೆ. ಟಿಕೆಟ್ಟು ಅವನ ಕೈಯಲ್ಲಿದೆ."

ಅವನು ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತ ಕೂತ. "ನಾವೆಲ್ಲಿಗೆ ಹೋಗೋಣ? ಗಿರಣಿಯವನು ಬೀಗ ಹಿಡ್ಕೊಂಡು ಕಾಯ್ತಿದ್ದಾನೆ."

"ಸೀಟು ಸಿಗದೇ ಇದ್ದವರು ನಿಂತ್ಕೊಂಡು ಹೋಗಲ್ವಾ? ಹೋಗೋಣ. ಬೇಸಿಗೆವರೆಗೆ ತಾನೇ."

ಡ್ರೈವರು ಅಂಗಿಯ ಜೇಬಿಗೆ ಕೈ ಹಾಕಿ, ಹೊರತೆಗೆದದ್ದನ್ನು ಹಿಂದಕ್ಕೆ ಚಾಚಿದ. ಬಿಳಿಯ ಪಿಂಗಾಣಿ. ಮೊದಲು ಅವಳು ಅದನ್ನು ಹಲ್ಲೆಂದುಕೊಂಡಳು.

"ಕರೆಂಟಿಲ್ಲ ಅಂದನಲ್ಲ," ಎಂದ. "ಅದು ಇಲ್ಲಿದೆ."

ಬೈಗುಳ ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವಳು ಫ್ಯೂಸನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅವನ ಮೈಯ ಬಿಸಿಗೆ ಬೆಚ್ಚಗಾಗಿತ್ತು.

"ಇದನ್ನ ಎದೆ ಮೇಲೆ ಇಟ್ಕೊಂಡು ಇಷ್ಟು ಜನರನ್ನ ಕೂರಿಸ್ಕೊಂಡು ಬಂದ್ರಾ?" ಎಂದಳು. ಅಷ್ಟೇ. ಬೆಳಗ್ಗೆ ಬೇಡಿಕೊಳ್ಳುವ ಮಾತು ಅವಳ ಬಾಯಿಗೆ ಬಂತು, ಅರ್ಧಕ್ಕೇ ನಿಂತಿತು. ಹತ್ತಿದವರೆಲ್ಲ ಎಂದು ಶುರುಮಾಡುವವಳಿಗೆ, ಅವರನ್ನು ನಡುದಾರಿಯಲ್ಲಿ ಇಳಿಸಲು ಹೊರಟವರು ತಾವೇ ಎಂಬುದು ಆ ಹೊತ್ತಿನವರೆಗೆ ಹೊಳೆದಿರಲಿಲ್ಲ.

ಬಸ್ಸನ್ನು ಡಿಪೋಗೆ ಸೇರಿಸಿ, ಇನ್ನೂ ಬಿಸಿಲಿರುವಾಗಲೇ ಇಬ್ಬರೂ ಹಳದಿ ಮನೆಗೆ ಹೋದರು. ಡ್ರೈವರು ನೇರ ಮೀಟರಿನ ಪೆಟ್ಟಿಗೆಯ ಮುಂದೆ ನಿಂತು ಫ್ಯೂಸು ಸಿಕ್ಕಿಸಿದ. ಗುಂಡಿ ಆರಿಸದೆ ಬಿಟ್ಟಿದ್ದ ಮೋಟಾರು ಒಳಗೆ ಒಮ್ಮೆಲೇ ಕಿರುಚಿಕೊಂಡಿತು. ಮುದುಕಿ ಗೋಡೆ ಹಿಡಿದು ಹೊರಗೆ ಬಂದಳು. ಹಿಂದೆಯೇ, ಆಗಷ್ಟೇ ಊರಿಂದ ವಾಪಸಾಗಿದ್ದ ಮೇಸ್ತ್ರಿ.

"ಅಂತೂ ದೇವರು ಕಣ್ಣು ಬಿಟ್ಟ," ಎಂದಳು ಮುದುಕಿ.

"ದೇವರಲ್ಲಮ್ಮ, ನಾನು," ಎಂದ ಡ್ರೈವರು. "ಕಿತ್ತವನೂ ನಾನೇ."

ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಾಗಾದ್ರೆ ನಿನ್ನೆಯಿಂದ ನಾನು ಬೈದಿದ್ದು ಸರಿಯಾದ ವಿಳಾಸಕ್ಕೇ ಹೋಗಿದೆ ಬಿಡು."

ಯಾರಿಗೂ ನಗು ತಡೆಯಲಾಗಲಿಲ್ಲ. ಡ್ರೈವರು ಮಾತ್ರ ನಗಲಿಲ್ಲ. ಅವನು ಕೈಮುಗಿದ. ಆ ನೋಟೀಸನ್ನು ಹರಿದುಬಿಡಿ, ಬೇಸಿಗೆ ಮುಗಿಯುವವರೆಗೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂದ. ಮೇಸ್ತ್ರಿ ತಕ್ಷಣ ಕರಗಿಬಿಡಲಿಲ್ಲ. ಹಿಂದಿನ ರಾತ್ರಿ ಕತ್ತಲಲ್ಲಿ ತಾಯಿ ಎಡವಿದ್ದು, ಅಜ್ಜನ ಹಲ್ಲು ತಡವಾದದ್ದು ಅವನ ಮುಖದಲ್ಲಿನ್ನೂ ಇತ್ತು. ಬಾಯಿಮಾತು ಬೇಡ, ವಕೀಲೆಯ ಮುಂದೆ ಬರೆದುಕೊಡಿ, ನಾನೂ ಬರೆದುಕೊಡುತ್ತೇನೆ ಎಂದ. ಅದು ನ್ಯಾಯವೇ ಎಂದಳು ಕಂಡಕ್ಟರಮ್ಮ.

"ಅದಿರಲಿ, ನೀವೆಲ್ಲಿ ಇರ್ತೀರಿ?" ಎಂದು ಕೇಳಿದವಳು ಮುದುಕಿ.

ಗಿರಣಿಯ ಕತೆಯನ್ನು ಕಂಡಕ್ಟರಮ್ಮ ಹೇಳಿದಳು. ಅದನ್ನು ಕೇಳಿಸಿಕೊಳ್ಳುತ್ತ ಮುದುಕಿಯ ಕಣ್ಣು ಅವಳ ಸೊಂಟದ ಗೊಂಚಲಿನ ಮೇಲೆ ನಿಂತಿತು. ಆ ದೊಡ್ಡ ಕೀಲಿ ಯಾವುದಕ್ಕೆ ಎಂದು ಕೇಳಿದಳು. ಗೊತ್ತಿರಲಿಲ್ಲ, ಮುಂಬಾಗಿಲಿಗೆ ಆಗುವುದಿಲ್ಲವೆಂದು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಸ್ಸಿನಿಂದ ನೋಡಿದವರಿಗೆ ಮನೆಗೆ ಬೆನ್ನೂ ಇರುತ್ತದೆಂದು ಗೊತ್ತಾಗುವುದಾದರೂ ಹೇಗೆ? ಮುದುಕಿ ಸುತ್ತು ಹಾಕಿಸಿ ಹಿಂದಿನ ಓಣಿಗೆ ಕರೆದೊಯ್ದಳು. ಅಲ್ಲೊಂದು ತುಕ್ಕು ಹಿಡಿದ ಬಾಗಿಲು. ವ್ಯಾಪಾರಿ ಬಟ್ಟೆಯ ಥಾನುಗಳನ್ನು ಇಡುತ್ತಿದ್ದ ಕೋಣೆ.

"ಇದು ನಮ್ಮ ಬಾಡಿಗೆಗೆ ಸೇರಿದ್ದಲ್ಲ. ನಮಗೆ ಕೊಟ್ಟಿರೋದು ಮುಂದಿನ ಭಾಗ ಅಷ್ಟೇ. ಇದು ನಿಮ್ಮದೇ ತಾಯಿ, ಬಂದು ಇರಿ. ಆದ್ರೆ ನನ್ನ ಮಗನ ಮೋಟಾರಿನ ಸದ್ದಿಗೆ ಗೊಣಗಬಾರದು."

"ಗಿರಣಿ ಮೇಲೆ ಬಾಳ್ವೆ ಮಾಡಿದವರಮ್ಮ ನಾವು," ಎಂದಳು ಕಂಡಕ್ಟರಮ್ಮ. "ಸದ್ದಿಲ್ಲದೆ ನಮಗೆ ನಿದ್ದೆ ಬರಲ್ಲ."

ಬಾಗಿಲು ತೆರೆದರೆ ಹೊಸ ಬಟ್ಟೆಯ ವಾಸನೆ ಇನ್ನೂ ಒಳಗೇ ಇತ್ತು. ಬರಿದಾದ ಅಟ್ಟಣೆಗಳು, ಥಾನು ಸುತ್ತಿದ ರಟ್ಟಿನ ಕೊಳವೆಗಳು, ಮೂಲೆಯಲ್ಲೊಂದು ನಲ್ಲಿ. ಒಂದು ಮಂಚ, ಒಂದು ಒಲೆಗೆ ಸಾಕಾಗುವ ಜಾಗ. ಕಂಡಕ್ಟರಮ್ಮ ಹೊಸಿಲ ಮೇಲೆ ನಿಂತು ಮತ್ತೆ ಕೈಮುಗಿದಳು.

ತಿಂಗಳ ಕೊನೆಗೆ ಅವರು ಬಂದು ಸೇರಿದರು. ದಲ್ಲಾಳಿ ಅಣ್ಣ ನೋಡಲು ಬಂದು, ದುಡ್ಡು ಸುರಿದು ತಗೊಂಡ ಮನೆಯ ಹಿತ್ತಲಲ್ಲಿ ಬಿಡಾರ ಹೂಡಿದ್ದೀರಲ್ಲ ಎಂದು ತಲೆ ಚಚ್ಚಿಕೊಂಡ. "ಬಸ್ಸು ನಮ್ಮದೇ ಭಾವ," ಎಂದ ಡ್ರೈವರು. "ಸದ್ಯಕ್ಕೆ ನಿಂತ್ಕೊಂಡು ಹೋಗ್ತಿದ್ದೀವಿ." ಈ ಸಲ ಕಂಡಕ್ಟರಮ್ಮ ಅಣ್ಣನ ಲೋಟವನ್ನು ಮತ್ತೊಮ್ಮೆ ತುಂಬಿಸಿಕೊಟ್ಟಳು.

ಅಂದಿನಿಂದ ಆ ತಿರುವಿನಲ್ಲಿ ಬಸ್ಸು ನಡೆಯುವವರ ವೇಗಕ್ಕೆ ಇಳಿಯುತ್ತದೆ. ಎತ್ತಿನ ಗಾಡಿ ಕೊಳ್ಳಿ ಎಂದು ಹಿಂದಿನ ಸೀಟಿನವರು ಗೊಣಗುತ್ತಾರೆ. ಡ್ರೈವರು ಕೇಳಿಸಿಕೊಂಡರೂ ಕೇಳಿಸದವನಂತೆ ಸ್ಟೀರಿಂಗು ಹೊರಳಿಸುತ್ತಾನೆ. ಧೂಳು ಚಕ್ರದೆತ್ತರಕ್ಕೆ ಎದ್ದು ಅಲ್ಲೇ ಮಲಗುತ್ತದೆ.

ಕೆಲವು ದಿನ ಕಿಟಕಿ ಹಾಗೇ ಇತ್ತು. ನಂಬಿಕೆ ಬರುವುದಕ್ಕೆ ಹೊತ್ತು ಬೇಕು. ಒಂದು ಬೆಳಗ್ಗೆ ಬಸ್ಸು ಮೆಲ್ಲಗೆ ಹೊರಳುವಾಗ ಕಿಟಕಿಯ ಹಸಿರು ಕದಗಳೆರಡೂ ತೆರೆದಿದ್ದವು. ಕಿಟಕಿಯ ಕಟ್ಟೆಯ ಮೇಲೆ ಆಗಷ್ಟೇ ಹೊಯ್ದ ದವಡೆಗಳನ್ನು ಎಳೆಬಿಸಿಲಿಗೆ ಒಣಗಿಟ್ಟಿದ್ದರು. ಅವುಗಳ ಹಿಂದೆ, ಒಂದೂ ಹಲ್ಲಿಲ್ಲದ ಬಾಯಿ ಬಸ್ಸನ್ನು ನೋಡಿ ನಗುತ್ತಿತ್ತು.